ವೈದ್ಯಕೀಯ ನಿರ್ಲಕ್ಷ್ಯದ ದೂರು: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ, ಚಿಕಿತ್ಸೆ ಫಲಿಸಲಿಲ್ಲ ಎಂಬ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ಸಾಧಾರಣ ಕೌಶಲವುಳ್ಳ ವೈದ್ಯರು ವಹಿಸುವಷ್ಟು ಎಚ್ಚರಿಕೆಯನ್ನೂ ವಹಿಸಲಿಲ್ಲವೆಂದು, ಹಾನಿ ಅದರಿಂದಲೇ ಆಯಿತೆಂದು ದೂರುದಾರರು ಸಾಬೀತುಪಡಿಸಬೇಕಾಗುತ್ತದೆ. ಶುಲ್ಕ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ನೀಡಿದೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಮಾತ್ರ ಇದರಿಂದ ಹೊರಗಿವೆ.

ಪರಿಹಾರ ಬೇಕಿದ್ದರೆ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತು ವೈದ್ಯರ ಮೇಲೆ ಶಿಸ್ತುಕ್ರಮ ಜರುಗಿಸಬಹುದೇ ಹೊರತು ಹಣ ಕೊಡಿಸುವುದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದು ಅನೇಕರು ಕಾಲ ಕಳೆದುಕೊಳ್ಳುತ್ತಾರೆ.

ನನ್ನ ಮಟ್ಟಿಗೆ ವಕೀಲರಿಗಿಂತ ಮೊದಲು ಬೇಕಾದದ್ದು ದಾಖಲೆ. ಕೇಸ್ ಶೀಟ್‌ (ಆಸ್ಪತ್ರೆಯಲ್ಲಿ ಬರೆದಿಡುವ ಚಿಕಿತ್ಸಾ ದಾಖಲೆ) ಪ್ರತಿಯನ್ನು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಕೇಳಿದ 72 ಗಂಟೆಗಳೊಳಗೆ ಆ ಪ್ರತಿಯನ್ನು ಕೊಡಬೇಕೆಂಬ ನಿಯಮವಿದೆ.