ನರ್ಸಿಂಗ್ ಸೇರೋ ಮಕ್ಕಳ ಮನ್ಯಾವರಿಗೆ

ಎಲ್ಲಾರಿಗೂ ನಮಸ್ಕಾರ್ರಿ. ಈ ಐತವಾರ ಆರಾಧನೆ ಮುಗದ ಮ್ಯಾಲೆ, ಪುಣೆದಾಗ ನರ್ಸಿಂಗ್ ಸೇರಬೇಕನ್ನೋ ಮಕ್ಕಳು, ಅವರ ಅಪ್ಪ-ಅವ್ವ ಸ್ವಲ್ಪ ಕುಂದರ್ರಿ, ಮಾತಾಡೋದದ. ಫೀಸು, ಹಾಸ್ಟೆಲ್, ಫಾರಿನ್ ಪಗಾರ ಎಲ್ಲಾರೂ ಕೇಳ್ತಾರ, ಕೇಳ್ರಿ ತಪ್ಪಲ್ಲ, ಆದ್ರ ಮಿಷನ್ ಕಾಲೇಜಿನಾಗ ಯಾವ ಮನಸ್ಸಿಂದ ಕಲಿಸ್ತಾರ ಅನ್ನೋದೂ ಗೊತ್ತಿರಬೇಕಲ್ಲ. ಉದಾಹರಣೆಗೆ ತಮಿಳುನಾಡಿನ ವೆಲ್ಲೂರಿನಾಗ ಅಮೆರಿಕಾದ ಮಿಷನರಿ ಡಾಕ್ಟರ್ ಐಡಾ ಸ್ಕಡರ್ ಅವರು 1909ರಾಗ ನರ್ಸಿಂಗ್ ಸ್ಕೂಲ್ ಸುರು ಮಾಡಿದ್ರು, 1946ಕ್ಕ ಅಲ್ಲೇ ಡಿಗ್ರಿ ಕೋರ್ಸ್ ಬಂತು, ಆ ಸಂಸ್ಥೆ ಧ್ಯೇಯವಾಕ್ಯಾನೇ ಸೇವೆ ಮಾಡಿಸಿಕೊಳ್ಳಾಕಲ್ಲ, ಮಾಡಾಕ ಅಂತ. ಅಂದ್ರ ಬೆಡ್‌ಪ್ಯಾನ್ ಕೊಡೋದು, ಬಾಯಿ ತೊಳಸೋದು, ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಿ ಬೆನ್ನಾಗ ಹುಣ್ಣಾಗ್ಯಾವೇನು ನೋಡೋದು, ಇವು ಕೀಳು ಕೆಲಸ ಅಲ್ರಿ, ಓದು ಅಂದ್ರ ಇದಾ. ಬೈಬಲ್‌ನ ಲೂಕ 10ನೇ ಅಧ್ಯಾಯದಾಗ, ಕಳ್ಳರು ಹೊಡದು ದಾರ್ಯಾಗ ಬಿಟ್ಟುಹೋದ ಮನಷ್ಯಾನ್ನ ಕಂಡು ಸಮಾರ್ಯ ಸೀಮೆಯವ ಸುಮ್ನ ಮರುಗಲಿಲ್ಲ, ಅವನ ಗಾಯಕ್ಕ ಎಣ್ಣಿ-ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರದವನಿಗೆ ರೊಕ್ಕ ಕೊಟ್ಟು ಇನ್ನ ಖರ್ಚಾದ್ರ ಬಂದಾಗ ಕೊಡ್ತೀನಿ ಅಂದ, ನೀ ಯಾವ ಕುಲದಾವ ಅಂತ ಕೇಳಲಿಲ್ಲ. ಹಂಗಂತ ಬರೇ ಪ್ರಾರ್ಥನೆ ಸಾಲೂದಿಲ್ಲ, ಡೋಸ್ ಲೆಕ್ಕ ತಪ್ಪಿದ್ರ ಭಕ್ತಿ ಕೈ ಹಿಡಿಯೂದಿಲ್ಲ, ಅನಾಟಮಿ (ಶರೀರ ರಚನೆ), ಫಾರ್ಮಕಾಲಜಿ (ಔಷಧದ ವಿದ್ಯೆ) ಎಲ್ಲಾರಂಗ ತಲಿ ಕೆಡಿಸ್ಕೊಂಡು ಓದಬೇಕು. ಪೇಷಂಟ್ ಮ್ಯಾಲೆ ಧರ್ಮ ಹೇರೋದಂತೂ ಬ್ಯಾಡಾ ಬ್ಯಾಡ, ಇದು ನನ್ನ ಖಡಕ್ ಅಭಿಪ್ರಾಯ. ಬರೋರು ಹತ್ತನೇ, ಹನ್ನೆರಡನೇ ಮಾರ್ಕ್ಸ್‌ಕಾರ್ಡ್ ಝೆರಾಕ್ಸ್ ತರ್ರಿ.