ಮೊಣಕೈ ತಾಗಿದ ವಿಷಯ

ಮಾರಾಯ,

ಮೊನ್ನೆ ಆಗಸ್ಟ್ 13ಕ್ಕೆ ನಿನ್ನ ಹಳೇ ಫೋಟೋ ಸ್ಟೇಟಸ್ ಹಾಕಿದ್ದೆನಲ್ಲ, ಗದ್ದೆಯಲ್ಲಿ ಬ್ಯಾಟು ಹಿಡಿದು ನಿಂತದ್ದು, ‘ಎಡಚರ ದಿನದ ಶುಭಾಶಯ’ ಅಂತ ಬರೆದು. ನೀನು ಒಂದು ನಗುವ ಇಮೋಜಿ ಹಾಕಿ ಸುಮ್ಮನಾದೆ. ಅದಕ್ಕೇ ಈ ಪತ್ರ. ಎಲ್ಲರೂ ಓದಲಿ ಅಂತಲೇ ಇಲ್ಲಿ ಹಾಕುತ್ತಿದ್ದೇನೆ. ಕೊಡೆಯ ವಿಷಯ ಮಾತ್ರ ಬರೆಯುವುದಿಲ್ಲ, ಹೆದರಬೇಡ.

ಈಗ ಯಾವುದಕ್ಕೆ ದಿನ ಇಲ್ಲ ಹೇಳು. ಸೆಪ್ಟೆಂಬರ್ 2 ತೆಂಗಿನಕಾಯಿಗೆ, ನವೆಂಬರ್ 19 ಶೌಚಾಲಯಕ್ಕೆ. ನವೆಂಬರ್ 1ಕ್ಕೆ ರಾಜ್ಯೋತ್ಸವದ ಸ್ಟೇಟಸ್ ಹಾಕುವುದಾ, ಕೇರಳ ಹುಟ್ಟಿದ ದಿನ ಕೇರಳಪ್ಪಿರವಿಯದ್ದಾ ಅಂತ ಕೇರಳದ ಗಡಿಯೊಳಗಿರುವ ನಾವು ಕುಂಬಳೆಯವರು ಮಾತ್ರ ಪ್ರತಿ ವರ್ಷ ತಲೆ ಕೆರೆದುಕೊಳ್ಳುತ್ತೇವೆ. ಆಟಿ ಅಮಾವಾಸ್ಯೆಗೆ ನಸುಕಿನಲ್ಲೇ ಎದ್ದು, ಕತ್ತಿ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತಂದ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ನಮಗೆ ಎಡಚರ ದಿನ ವಿಚಿತ್ರ ಅನ್ನಿಸಬಾರದು. ಅದನ್ನು 1976ರಲ್ಲಿ ಶುರು ಮಾಡಿದ್ದು ಡೀನ್ ಕ್ಯಾಂಬೆಲ್ ಅಂತೊಬ್ಬ. ಆ ವರ್ಷದ ಆಗಸ್ಟ್ 13 ಶುಕ್ರವಾರ ಬೇರೆ. 13ನೇ ತಾರೀಕಿನ ಶುಕ್ರವಾರ ಅಂದರೆ ಪಶ್ಚಿಮ ದೇಶದ ಕಡೆಯವರಿಗೆ ಅಪಶಕುನ. ಸಿಕ್ಕಿದ ದಿನ ನೋಡು! ನೂರರಲ್ಲಿ ಹತ್ತು ಜನ ಎಡಚರಂತೆ. ಕೇರಳದಲ್ಲಿ ಎಡದವರ ಲೆಕ್ಕ ಬೇರೆ, ಅದು ಬಿಡು.

ಅದೇ ಸಂಜೆ ಮಳೆ. ನನ್ನ ಮಗಳೂ ಅಕ್ಕನ ಮಗನೂ ಜಗಲಿಯಲ್ಲಿ ಒಂದೇ ಮಣೆ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದರು. "ಮಾವ, ಇವಳು ಎಡಗೈಲಿ ಬರೆಯುತ್ತಾಳೆ, ನನಗೆ ತಾಗುತ್ತದೆ" ಅಂದ. ನಾನು ನಿನ್ನ ಫೋಟೋ ಹಾಕಿದ ಸ್ಟೇಟಸ್ಸನ್ನು ಎಷ್ಟು ಜನ ನೋಡಿದ್ದಾರೆ ಅಂತ ಎಣಿಸುತ್ತಿದ್ದೆ. ತಲೆ ಎತ್ತದೆ, "ಬಲಗೈ ಇಲ್ವಾ ನಿನಗೆ?" ಅಂದುಬಿಟ್ಟೆ. ಜೋರಾಗಿಯೇ. ಅವಳು ಏನೂ ಹೇಳಲಿಲ್ಲ. ಹಸಿರು ಕ್ರೇಯಾನನ್ನು ಬಲಗೈಗೆ ದಾಟಿಸಿ ಗೆರೆ ಎಳೆಯಲು ನೋಡಿದಳು, ಸೊಟ್ಟ ಹೋಯಿತು, ಕಾಗದ ಹರಿಯಿತು. ಎಡಗೈಯನ್ನು ಫ್ರಾಕಿನ ಅಡಿಗೆ ಇಟ್ಟುಕೊಂಡು ಕೂತಳು.

ಆ ಮಾತು ಯಾರದ್ದು ಅಂತ ನಿನಗೆ ಗೊತ್ತು. ಮೂರನೇ ಕ್ಲಾಸಿನ ಮಾಷ್ಟ್ರದ್ದು. ನಿನಗೆ ಗೊತ್ತಿಲ್ಲದ್ದು ಒಂದಿದೆ. ನಿನ್ನ ಎಡಗೈ ಗೆಣ್ಣಿಗೆ ಅಡಿಕೋಲಿನ ಪೆಟ್ಟು ಬಿತ್ತಲ್ಲ, ಅವರಿಗೆ ಹೇಳಿದ್ದು ನಾನು. ಬೆಂಚಿನಲ್ಲಿ ನೀನು ನನ್ನ ಬಲಕ್ಕೆ ಕೂರುತ್ತಿದ್ದೆ. ನಿನ್ನ ಎಡ ಮೊಣಕೈ ನನ್ನ ಬಲ ಮೊಣಕೈಗೆ ತಾಗಿ ಕಾಪಿ ಪುಸ್ತಕದಲ್ಲಿ ನನ್ನ ಒತ್ತಕ್ಷರಗಳೆಲ್ಲ ಕೆಳಗಿನ ಗೆರೆಗೆ ಜಾರುತ್ತಿದ್ದವು. ಅಷ್ಟೇ. ಜಾಗ ಬದಲಿಸಿ ಕೂತಿದ್ದರೆ ಮುಗಿಯುತ್ತಿತ್ತು ಅಂತ ಹೊಳೆದದ್ದು ಮೊನ್ನೆ, ಆ ಇಬ್ಬರನ್ನು ಎಬ್ಬಿಸಿ ಆಚೆಯವನನ್ನು ಈಚೆ ಕೂರಿಸಿದಾಗ. ಮತ್ತೆ ತಾಗಲೇ ಇಲ್ಲ, ಮಾರಾಯ.

ನೀನು ಈಗಲೂ ಬರೆಯುವುದು ಬಲಗೈಲೇ. ನಿನ್ನ ಮದುವೆ ಕಾಗದದ ಮೇಲಿನ ವಿಳಾಸ ನೋಡಿ ಕೋಳಿ ಕೆರೆದ ಹಾಗಿದೆ ಅಂತ ನಕ್ಕವರಲ್ಲಿ ನಾನೇ ಮೊದಲಿಗ.

ಸರಿ, ಜಾಸ್ತಿ ಆಯಿತು. ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಓದುವವರು ಯಾರೂ ಕಣ್ಣು ಒರೆಸಿಕೊಳ್ಳಬೇಡಿ, ಇವನು ನನ್ನ ಎರಡು ಪೆನ್ಸಿಲು ಕದ್ದವ. ಒಂದಕ್ಕೆ ತುದಿಯಲ್ಲಿ ರಬ್ಬರೂ ಇತ್ತು.

ಚೌತಿಗೆ ಬರುವಾಗ ಕೊಡೆ ತಾ. ತರದಿದ್ದರೆ ಆ ಕತೆಯೂ ಇಲ್ಲೇ ಬರುತ್ತದೆ.

ನಿನ್ನ ಎಡಕ್ಕೆ ಕೂತವ