ಗ್ಲಾಸಿನ ಮಬ್ಬು, ಕಾಲಡಿಯ ನೀರು

ಸಂಪಾದಕರೇ ನಮಸ್ಕಾರ,

ಚಳಿಗಾಲ ಬಂತಂದ್ರೆ ಪೇಪರಲ್ಲಿ ಮಂಜಿನ ಫೋಟೋ ಹಾಕಿ ಫಾಗ್ ಲ್ಯಾಂಪ್ ಹಾಕ್ಕೊಳಿ, ನಿಧಾನಕ್ಕೆ ಹೋಗಿ ಅಂತ ಬರೀತೀರ, ಸಂತೋಷ. ಆದ್ರೆ ಕಾರಿನ ಒಳಗಡೆಯಿಂದ ಗ್ಲಾಸಿಗೆ ಕಟ್ಟೋ ಮಬ್ಬಿನ ಬಗ್ಗೆ ಒಂದು ಸಾಲೂ ಬರಲ್ಲ, ಅದಕ್ಕೇ ಈ ಪತ್ರ.

ನಾನಿರೋದು ಮೈಸೂರಿನ ಕುವೆಂಪುನಗರ, ಜಮೀನು ಪಾಂಡವಪುರದ ಕಡೆ. ಕಬ್ಬು ಕಡಿಸೋ ದಿನ ಆಳುಗಳು ಬರೋ ಹೊತ್ತಿಗೆ ಗದ್ದೇಲಿರ್ಬೇಕು ಅಂತ ಬೆಳಿಗ್ಗೆ ಐದಕ್ಕೇ ಹೊರಟೆ, ಶ್ರೀರಂಗಪಟ್ಟಣ ದಾಟೋ ತನಕ ಏನೂ ಇಲ್ಲ, ನಾಲೆ ಏರಿ ರೋಡಿಗೆ ತಿರುಗಿದ್ದೇ ತಡ ಮುಂದಿನ ಗ್ಲಾಸ್ ಪೂರ್ತಿ ಹಾಲು ಹುಯ್ದಂಗೆ ಆಗೋಯ್ತು. ಗ್ಲಾಸ್ ಮೇಲೆ ಗಾಳಿ ಹೊಡೆಯೋ ಡಿಫಾಗರ್ ಹಾಕ್ದೆ, ಬ್ಲೋಯರ್ ನಾಲ್ಕಕ್ಕೆ ತಿರುಗಿಸ್ದೆ, ಎದುರಿಗೆ ಒಂದು ಇಡ್ಲಿ ಅಗಲದಷ್ಟು ಜಾಗ ಬಿಟ್ಕೊಳ್ತು, ಮತ್ತೆ ಮುಚ್ಕೊಳ್ತು. ಒಂದು ಕೈಲಿ ಸ್ಟೀರಿಂಗ್, ಒಂದು ಕೈಲಿ ಟವಲ್. 40ರಲ್ಲಿ ಹೋಗ್ತಿದ್ರೂ ಸೆಕೆಂಡಿಗೆ 11 ಮೀಟರ್ ಮುಂದಕ್ಕೆ ಹೋಗಿರ್ತೀವಿ ಕಣ್ರೀ, ಗ್ಲಾಸ್ ಒರೆಸೋಕೆ ಎರಡು ಸೆಕೆಂಡ್ ಅಂದ್ರೂ 22 ಮೀಟರ್ ಕಣ್ಣುಮುಚ್ಚಿ ಓಡಿಸಿದಂಗೆ, ಪಕ್ಕದಲ್ಲಿ ತಡೆಗೋಡೆ ಇಲ್ಲದ ನಾಲೆ, ಮುಂದೆ ರಿಫ್ಲೆಕ್ಟರ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್. ಕೊನೆಗೆ ಸೈಡಿಗೆ ಹಾಕಿ ಕಿಟಕಿ ಎಲ್ಲಾ ಇಳಿಸಿ ಕೂತೆ, ಆಲೆಮನೆ ಹೊಗೆ ವಾಸನೆ ಒಳಗೆ ಬಂತು, ಗ್ಲಾಸೂ ನಿಧಾನಕ್ಕೆ ಬಿಟ್ಕೊಳ್ತು.

ಮೊದಲು ತೋರಿಸಿದ ಕಡೆ "ಗ್ಯಾಸ್ ಕಮ್ಮಿ ಆಗಿದೆ ಸಾರ್" ಅಂತ ಎಸಿ ಗ್ಯಾಸ್ ತುಂಬಿಸಿ 2,200 ಇಸ್ಕೊಂಡ್ರು. ಅವರು ಹೇಳಿದ್ದು ಪೂರ್ತಿ ಸುಳ್ಳೇನಲ್ಲ, ಎಸಿ ಒಳಗಿನ ತಣ್ಣನೆ ಕಾಯಿಲ್ ಮೇಲೆ ಗಾಳೀಲಿರೋ ತೇವ ನೀರಾಗಿ ಕೆಳಕ್ಕೆ ಸುರಿದೋಗುತ್ತೆ, ಒಣಗಾಳಿ ಗ್ಲಾಸಿಗೆ ಬಡಿಯುತ್ತೆ, ಅದಕ್ಕೇ ಚಳೀಲೂ ಎಸಿ ಆನ್ ಮಾಡಿ ನಾಬ್ ಬಿಸಿ ಕಡೆಗೆ ತಿರುಗಿಸ್ಬೇಕು. (ನಮ್ಮನೆಯವಳು ಇದನ್ನ ಇವತ್ತಿಗೂ ನಂಬಲ್ಲ, ಮಾಗಿ ಚಳೀಲಿ ಎಸಿ ಹಾಕೋರನ್ನ ನೋಡಿಲ್ಲ ಅಂತಾಳೆ.) ಆದ್ರೆ ದುಡ್ಡು ಕೊಟ್ಟ ಮೇಲೂ ನನ್ನ ಗಾಡಿ ಹಂಗೇ.

ಆಮೇಲೆ ಪಾಂಡವಪುರದಲ್ಲೇ ಒಂದು ಸಣ್ಣ ಗ್ಯಾರೇಜಿನ ಹುಡುಗ ಬಾನೆಟ್ಟಿಗೂ ಕೈ ಹಾಕದೆ ಕೇಳ್ದ, "ಅಣ್ಣೋ, ಕಾಲಡಿ ಮ್ಯಾಟ್ ಎತ್ತಿ ನೋಡಿದ್ರಾ?" ಎತ್ತಿ ಹೆಬ್ಬೆಟ್ಟಲ್ಲಿ ಕಾರ್ಪೆಟ್ ಒತ್ತಿದ್ರೆ ನೆನೆಹಾಕಿದ ಅವಲಕ್ಕಿ ಹಿಂಡಿದಂಗೆ ನೀರು ಬಂತು. ಮೇಲೆ ರಬ್ಬರ್ ಮ್ಯಾಟ್ ಇದ್ದಿದ್ರಿಂದ ಇಷ್ಟು ದಿನ ಗೊತ್ತೇ ಆಗಿರ್ಲಿಲ್ಲ. ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿ ಬಿಚ್ಚಿದ, ಒಳಗೆ ಮಳೆಮರದ ಸಣ್ಣ ಸಣ್ಣ ಎಲೆ ಕೊಳೆತು ಟೀ ಚರಟದ ಥರ ಗಟ್ಟಿಯಾಗಿ ಕೂತಿತ್ತು, ನೀರು ಹೋಗೋ ತೂತು ಎರಡೂ ಕಡೆ ಬಂದ್. ಗ್ಲಾಸಿಂದ ಇಳಿದ ಮಳೆನೀರು ಕೆಳಗೆ ರೋಡಿಗೆ ಬೀಳೋ ಬದ್ಲು ಬ್ಲೋಯರ್ ಗಾಳಿ ಎಳ್ಕೊಳ್ಳೋ ದಾರೀಲಿ ಒಳಗೆ ಬರ್ತಿತ್ತು, ಎಸಿ ಫಿಲ್ಟರ್ ತೆಗೆದ್ರೆ ಒದ್ದೆ ಗೋಣಿಚೀಲ. ನೆರಳಿಗೆ ಅಂತ ನಮ್ಮ ಬೀದಿ ಮಳೆಮರದ ಕೆಳಗೆ ವರ್ಷಗಟ್ಟಲೆ ನಿಲ್ಲಿಸಿದ್ದೇ ನಾನು, ಯಾರನ್ನ ಬೈಯೋದು.

ನನ್ನ ಇನ್ನೊಂದು ತಪ್ಪೂ ಅವನೇ ಹಿಡಿದ. ರೋಡಿನ ಧೂಳು ಬೇಡ ಅಂತ ಒಳಗಿನ ಗಾಳಿ ಒಳಗೇ ಸುತ್ತೋ ಮೋಡಲ್ಲಿ ಲಿವರ್ ಯಾವಾಗ್ಲೂ ಇಟ್ಟಿರ್ತಿದ್ದೆ, ಅಂದ್ರೆ ಕಾರ್ಪೆಟ್ಟಿನ ತೇವ, ನಮ್ಮ ಉಸಿರಿನ ತೇವ ಎಲ್ಲಾ ಸುತ್ತಿ ಸುತ್ತಿ ಗ್ಲಾಸಿಗೇ. ಕೆಲವು ಹೊಸ ಗಾಡೀಲಿ ಡಿಫಾಗರ್ ಒತ್ತಿದ್ರೆ ಎಸಿ ಆನ್ ಆಗಿ ಹೊರಗಿನ ಗಾಳಿಗೆ ತಾನೇ ಬದಲಾಗುತ್ತೆ, ನನ್ನಂಥ ಹಳೇ ಗಾಡೀಲಿ ನಾವೇ ಎಳೀಬೇಕು. ಹೀಟರ್ ಕೂಡ ಬರೀ ಉಗುರುಬೆಚ್ಚಗಿತ್ತು, ನೋಡಿದ್ರೆ ಯಾವನೋ ಪುಣ್ಯಾತ್ಮ ಬೇಸಿಗೇಲಿ ಇಂಜಿನ್ ಹೀಟ್ ಆಗ್ಬಾರ್ದು ಅಂತ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕಿದ್ದ, ಅದಿಲ್ದಿದ್ರೆ ಚಳೀಲಿ ಇಂಜಿನ್ ನೀರು ಬೇಗ ಬಿಸಿನೇ ಆಗಲ್ಲ, ಹೀಟರಿಗೆ ಬಿಸಿ ಬರೋದು ಆ ನೀರಿಂದಾನೇ.

ಮಳೆಗಾಲದ ಕಥೆ ಉಲ್ಟಾ. ಎಸಿ ಜಾಸ್ತಿ ತಣ್ಣಗಿಟ್ರೆ ಗ್ಲಾಸೇ ತಣ್ಣಗಾಗಿ ಹೊರಗಡೆ ಮಬ್ಬು ಕಟ್ಟುತ್ತೆ, ಒಳಗಡೆಯಿಂದ ಎಷ್ಟು ಉಜ್ಜಿದ್ರೂ ಹೋಗಲ್ಲ, ವೈಪರ್ ಹಾಕಿ ಎಸಿ ತಂಪು ಕಮ್ಮಿ ಮಾಡಿದ್ರೆ ಆಯ್ತು. ಒಳಗೋ ಹೊರಗೋ ಅನುಮಾನ ಬಂದ್ರೆ ಗಾಡಿ ನಿಲ್ಲಿಸಿ ಒಳಗಡೆ ಬೆರಳಲ್ಲಿ ಒಂದು ಗೆರೆ ಎಳೆದು ನೋಡಿ. ಮಬ್ಬು ಎಣ್ಣೆ ಎಣ್ಣೆ ಥರ ಇದ್ದು ಸಿಹಿ ವಾಸನೆ ಬಂದು ಇಂಜಿನ್ ತಣ್ಣಗಿಡೋ ಕೂಲೆಂಟೂ ಕಮ್ಮಿ ಆಗ್ತಿದ್ರೆ ಮಾತ್ರ ಅದು ಬೇರೆ ಕಾಯಿಲೆ, ಹೀಟರ್ ಕಾಯಿಲ್ ಸೋರ್ತಿರುತ್ತೆ, ತಡ ಮಾಡ್ಬೇಡಿ. ಡ್ಯಾಶ್‌ಬೋರ್ಡ್ ಮೇಲೆ ಟವಲ್ ಹಾಸಿ ಗಾಳಿ ಬರೋ ಕಿಂಡಿ ಮುಚ್ಚೋರಿಗಂತೂ ಏನ್ ಹೇಳೋದು. ಒಳಗಡೆ ಗ್ಲಾಸಿನ ಜಿಡ್ಡು ತೆಗೆಯೋಕೆ ನಿಮ್ಮ ಪತ್ರಿಕೆ ಹಳೇದಾದ್ರೆ ಬಾಳ ಚೆನ್ನಾಗಿದೆ, ಬೇಜಾರು ಮಾಡ್ಕೋಬೇಡಿ.

ವಾರಕ್ಕೊಂದು ಸಲ ವಾಹನದ ಪುಟದಲ್ಲಿ ಹೊಸ ಕಾರಿನ ಸ್ಕ್ರೀನ್ ಎಷ್ಟು ಇಂಚು ಅಂತ ಹಾಕ್ತೀರಲ್ಲ, ಒಂದು ವಾರ ಅದರ ಬದ್ಲು ಈ ನಾಬು ಲಿವರುಗಳ ಚಿತ್ರ ಹಾಕಿ ಯಾವುದು ಯಾಕೆ ಅಂತ ಬರೆಸಿ. ನನಗೆ ಡ್ರೈವಿಂಗ್ ಕಲಿಸಿದವರು ಅದನ್ನ ಮುಟ್ಟಿಸಲೂ ಇಲ್ಲ. ನನ್ನ ಕಾರ್ಪೆಟ್ ಮೂರು ದಿನದಿಂದ ತಾರಸಿ ಮೇಲೆ ಒಣಗ್ತಿದೆ, ಒಂದು ಮೂಲೆ ಇನ್ನೂ ಹಸೀನೇ.

– ಕುವೆಂಪುನಗರದ ಓದುಗ, ಮೈಸೂರು